ಆಡಿದ ಮಾತು, ಬರೆದುಕೊಂಡ ಮಾತು

ಗ್ರಾಮಸಭೆ ನಡೆಯುವ ಜಾಗಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಸುಮ್ಮನೆ ನೋಡಿದರೆ ಸಾಕು, ಆವತ್ತು ಯಾರ ಮಾತು ನಡೆಯುತ್ತದೆ ಎಂಬುದು ಬಹುಪಾಲು ಗೊತ್ತಾಗಿಬಿಡುತ್ತದೆ. ಶಾಮಿಯಾನದ ಒಂದು ತುದಿಗೆ ಮೇಜು, ಮೇಜಿಗೆ ಬಟ್ಟೆ, ನೀರಿನ ಬಾಟಲಿಗಳು, ಹಿಂದೆ ಏಳೆಂಟು ಕುರ್ಚಿ. ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳ ನಾಲ್ಕು ಸಾಲು, ಅಲ್ಲಿ ಗಂಡಸರು. ಪಕ್ಕದಲ್ಲೋ ಹಿಂದೆಯೋ ಹಾಸಿದ ಜಮಖಾನದ ಮೇಲೆ ಹೆಂಗಸರು. ಇನ್ನೂ ಹಿಂದೆ, ಶಾಮಿಯಾನದ ನೆರಳು ಮುಗಿಯುವ ಕಡೆ, ಮರದ ಕಟ್ಟೆಗೋ ಕಾಂಪೌಂಡಿಗೋ ಒರಗಿ ನಿಂತವರು ದಲಿತರ ಕೇರಿಯ ಜನ. ಅವರಿಗೆ ಅಲ್ಲೇ ನಿಲ್ಲಿ ಎಂದು ಯಾರೂ ಹೇಳಿರುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಮೈಕು ಮೇಜಿನ ಪಕ್ಕದ ಸ್ಟ್ಯಾಂಡಿನಲ್ಲಿದೆ. ಹಿಂದೆ ನಿಂತ ಹೆಣ್ಣುಮಗಳು ಅದನ್ನು ಮುಟ್ಟಬೇಕಾದರೆ ಊರ ಗಂಡಸರನ್ನೆಲ್ಲ ದಾಟಿಕೊಂಡು ಮೂವತ್ತು ಹೆಜ್ಜೆ ನಡೆಯಬೇಕು. ಆಮೇಲೆ ಅದೇ ಮೂವತ್ತು ಹೆಜ್ಜೆ ವಾಪಸ್ ಬರಬೇಕು.

ಕಾನೂನಿನಲ್ಲಿ ಈ ಸಭೆಗಿರುವ ಸ್ಥಾನ ಸಣ್ಣದಲ್ಲ. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಸಂವಿಧಾನದ 243ಎ ವಿಧಿಯಲ್ಲಿ ಗ್ರಾಮಸಭೆಗೆ ಜಾಗ ಸಿಕ್ಕಿತು. ಅದೇ ವರ್ಷದ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಲೇಬೇಕು. ಕೋರಂಗೆ, ಅಂದರೆ ಸಭೆ ನಡೆಯಲು ಇರಲೇಬೇಕಾದ ಹಾಜರಿಗೆ, ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು. ಬಂದವರಲ್ಲಿ ಮಹಿಳೆಯರು ಶೇ 30ಕ್ಕಿಂತ ಕಡಿಮೆ ಇರಬಾರದು. ಪರಿಶಿಷ್ಟ ಜಾತಿ, ಪಂಗಡದವರು ಅವರ ಜನಸಂಖ್ಯೆಗೆ ತಕ್ಕಷ್ಟಿರಬೇಕು. ಪಂಚಾಯಿತಿ ಸದಸ್ಯ ಸ್ಥಾನಗಳಲ್ಲಿ ಅರ್ಧ ಮಹಿಳೆಯರದ್ದು. ಮನೆ ಯಾರಿಗೆ ಮಂಜೂರಾಗಬೇಕು ಎಂಬ ಫಲಾನುಭವಿಗಳ ಪಟ್ಟಿ ಇದೇ ಸಭೆಯಲ್ಲಿ ತಯಾರಾಗಬೇಕು.

ಆದರೆ ಕಾಯ್ದೆ ಎಣಿಸುವುದು ತಲೆಗಳನ್ನು. ಬಂದವರಲ್ಲಿ ಎಷ್ಟು ಜನ ಬಾಯಿ ಬಿಟ್ಟರು, ಬಿಟ್ಟವರಲ್ಲಿ ಎಷ್ಟು ಜನಕ್ಕೆ ಉತ್ತರ ಸಿಕ್ಕಿತು ಎಂಬ ಲೆಕ್ಕಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ. ತಮಿಳುನಾಡಿನ ಗ್ರಾಮಸಭೆಗಳಲ್ಲಿ ಆಡಿದ ಮಾತುಗಳನ್ನೆಲ್ಲ ಬರಹಕ್ಕಿಳಿಸಿ ಪರಿಶೀಲಿಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹೆಂಗಸರು ಮಾತಾಡುವುದು ಕಡಿಮೆ ಎಂಬುದು ಅದರಲ್ಲಿತ್ತು, ಅದು ಯಾರಿಗೂ ಹೊಸದಲ್ಲ. ಅವರು ಮಾತಾಡಿದಾಗಲೂ ಚರ್ಚೆ ಅವರೆತ್ತಿದ ವಿಷಯದ ಕಡೆ ತಿರುಗುವುದು ಕಡಿಮೆ, ಕೇಳಿದ್ದಕ್ಕೆ ಸಂಬಂಧಪಟ್ಟ ಉತ್ತರ ಅಧಿಕಾರಿಗಳಿಂದ ಸಿಗುವುದೂ ಕಡಿಮೆ ಎಂಬುದೂ ಅದರಲ್ಲಿತ್ತು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಉತ್ತರ ಸಿಗುವ ಸಾಧ್ಯತೆ ಸುಧಾರಿಸಿತ್ತು. ಅಂದರೆ ಕೊರತೆ ಇರುವುದು ಮಾತಾಡುವವರ ಗಂಟಲಲ್ಲಲ್ಲ, ಮೇಜಿನ ಆಚೆ ಬದಿಯ ಕಿವಿಯಲ್ಲಿ.

ನಮ್ಮಲ್ಲಿ ತರಬೇತಿಗಳೆಲ್ಲ ನಡೆಯುವುದು ಗಂಟಲಿಗೆ. ಧೈರ್ಯವಾಗಿ ಮಾತಾಡಿ, ಹಕ್ಕು ಕೇಳಿ, ಮುಂದೆ ಬನ್ನಿ ಎಂದು ಸ್ತ್ರೀಶಕ್ತಿ ಸಂಘದವರಿಗೆ ಹೇಳಿಕೊಡುತ್ತೇವೆ. ಅಧ್ಯಕ್ಷರಿಗೆ, ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ), ಸಭೆಯ ಉಸ್ತುವಾರಿಗೆ ಬರುವ ನೋಡಲ್ ಅಧಿಕಾರಿಗೆ, ಮುಂದಿನ ಸಾಲಿನ ಯಜಮಾನರಿಗೆ ಕೇಳಿಸಿಕೊಳ್ಳುವುದನ್ನು ಹೇಳಿಕೊಡುವವರು ಯಾರು? ಕೇಳಿಸಿಕೊಳ್ಳುವುದನ್ನು ಒಳ್ಳೆಯ ಗುಣ ಎಂದುಕೊಂಡಿರುವುದೇ ಇದಕ್ಕೆ ಕಾರಣ. ಅದು ಗುಣವಾಗಿದ್ದರೆ ಇದ್ದವರಿಗೆ ಇರುತ್ತದೆ, ಇಲ್ಲದವರಿಗೆ ಇಲ್ಲ. ಅದು ಕೆಲಸ. ಶಾಮಿಯಾನ ಹಾಕುವ ಮುಂಚೆಯೇ ಶುರುವಾಗಿ, ಸಭೆ ಮುಗಿದ ಆರು ತಿಂಗಳವರೆಗೂ ನಡೆಯಬೇಕಾದ ಕೆಲಸ.

ಮೊದಲು ಜಾಗ. ದೇವಸ್ಥಾನದ ಆವರಣದಲ್ಲಿ, ಸಮುದಾಯವೊಂದರ ಭವನದಲ್ಲಿ, ಯಾರದೋ ಮನೆಯ ಜಗುಲಿ ಮುಂದೆ ಸಭೆ ಇಡಬಾರದು. ಒಳಗೆ ಬರಲು ಒಬ್ಬನೇ ಒಬ್ಬ ಹಿಂಜರಿಯುವ ಜಾಗದಲ್ಲಿ ಆತನ ಪ್ರಶ್ನೆ ಅಲ್ಲಿಗೇ ಮುಗಿಯಿತು. ಶಾಲೆ ಮೈದಾನ ವಾಸಿ. ಎರಡು ಸಭೆಗೊಮ್ಮೆ ಕೇರಿಯಲ್ಲೋ ತಾಂಡಾದಲ್ಲೋ ಇಟ್ಟರೆ ಇನ್ನೂ ವಾಸಿ. ಆಗ ಊರಿನವರು ಅಲ್ಲಿಗೆ ನಡೆದು ಬರಬೇಕಾಗುತ್ತದೆ, ಚರಂಡಿಯ ವಿಷಯ ಬಾಯಲ್ಲಿ ಹೇಳುವ ಮೊದಲೇ ಚಪ್ಪಲಿಗೆ ಅಂಟಿರುತ್ತದೆ. ಎಲ್ಲರಿಗೂ ಕುರ್ಚಿ ಇಲ್ಲದಿದ್ದರೆ ಎಲ್ಲರಿಗೂ ಜಮಖಾನ. ಅಧಿಕಾರಿಗಳೂ ನೆಲದ ಮೇಲೇ ಕೂತರೆ ಏನೂ ಕೆಡುವುದಿಲ್ಲ. ಅರ್ಧ ಚಂದ್ರಾಕಾರದಲ್ಲಿ ಕೂರಿಸಿದರೆ ಹಿಂದಿನ ಸಾಲು ಎಂಬುದೇ ಕಡಿಮೆಯಾಗುತ್ತದೆ.

ಹೊತ್ತು ಅದಕ್ಕಿಂತ ಸೂಕ್ಷ್ಮ. ಬೆಳಗ್ಗೆ 11 ಎಂದರೆ ಕೂಲಿಯವರಿಗೆ ಒಂದು ದಿನದ ಕೂಲಿ ಹೋಯಿತು. ಸಂಜೆ 6 ಎಂದರೆ ಡೇರಿಗೆ ಹಾಲು ಹಾಕುವ ಹೊತ್ತು, ಒಲೆ ಹಚ್ಚುವ ಹೊತ್ತು, ಹೆಂಗಸರು ಬರಲಾಗದು. ನಾಟಿ, ಕಳೆ, ಕೊಯ್ಲಿನ ವಾರಗಳಲ್ಲಿ ಯಾವ ಹೊತ್ತೂ ಹೊತ್ತಲ್ಲ. ಊರಿನ ಸಂತೆಯ ದಿನ, ಕೂಲಿಗೆ ರಜೆ ಇರುವ ದಿನ ಯಾವುದೆಂದು ವಾಟರ್‌ಮ್ಯಾನನ್ನು ಕೇಳಿದರೆ ಹೇಳುತ್ತಾನೆ. ಏಳು ದಿನ ಮುಂಚೆ ಡಂಗುರ ಹೊಡೆಸಬೇಕು, ಡಂಗುರ ಕೇರಿಯ ಕೊನೆಯ ಮನೆವರೆಗೂ ಹೋಯಿತೇ ಎಂದು ನೋಡಬೇಕು. ಪಂಚಾಯಿತಿ ಗೋಡೆಗೆ ಚೀಟಿ ಅಂಟಿಸಿ, ಫೋಟೋ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕಿದರೆ ಮೊದಲೇ ಗೊತ್ತಿದ್ದವರಿಗೆ ಇನ್ನೊಮ್ಮೆ ಗೊತ್ತಾಗುತ್ತದೆ, ಅಷ್ಟೇ. ಏನನ್ನು ನಿರ್ಧರಿಸಲಿದ್ದೇವೆ ಎಂಬುದನ್ನೂ ಡಂಗುರದಲ್ಲಿ ಹೇಳಬೇಕು. ‘ನಾಳಿದ್ದು ಮನೆ ಪಟ್ಟಿ ಓದುತ್ತಾರೆ’ ಎಂದರೆ ಜನ ಬರುತ್ತಾರೆ. ‘ಗ್ರಾಮಸಭೆ ಇದೆ’ ಎಂದರೆ ಯಾಕೆ ಬರಬೇಕು?

ಇನ್ನು ಮಾತಿನ ವಿಷಯ. ಕನ್ನಡದಲ್ಲಿ ಒಬ್ಬರನ್ನು ಉದ್ದೇಶಿಸಿ ಬಾಯಿ ತೆರೆದರೆ ಸಾಕು, ಅವರ ಸ್ಥಾನ ಯಾವುದೆಂದು ಹೇಳಿದಂತಾಯಿತು. ನೀನು ಅಥವಾ ನೀವು, ಒಂದನ್ನು ಆರಿಸಲೇಬೇಕು. ಸಭೆಯಲ್ಲಿ ಕೂತು ಒಂದು ತಾಸು ಇದನ್ನಷ್ಟೇ ಗಮನಿಸಿ. ‘ಗೌಡ್ರು ಏನೋ ಹೇಳ್ತಿದಾರೆ, ಹೇಳಿ ಸಾರ್.’ ‘ಮೇಷ್ಟ್ರೇ, ನಿಮ್ದು?’ ‘ಏನಮ್ಮಾ ನಿಂದು? ಬೇಗ ಹೇಳು.’ ‘ಏಯ್, ನೀನು ಕೂತ್ಕೊಳೋ, ಆಮೇಲೆ ಹೇಳುವಿಯಂತೆ.’ ಎಪ್ಪತ್ತು ದಾಟಿದ ಹಿರಿಯನಿಗೆ ಮೂವತ್ತರ ಅಧಿಕಾರಿ ಏಕವಚನ ಬಳಸಿದಾಗ ಆ ಹಿರಿಯನ ಪ್ರಶ್ನೆಗೆ ಇನ್ನು ಉತ್ತರ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ‘ಅಮ್ಮ’ ಎಂಬುದೂ ಗೌರವದ ಮಾತಲ್ಲವೇ ಎನ್ನುವವರಿದ್ದಾರೆ. ‘ಅಮ್ಮಾ, ನೀವು ಹೇಳಿ’ ಎಂದರೆ ಗೌರವ, ‘ಏನಮ್ಮಾ’ ಎಂದರೆ ಬಾಯಿ ಮುಚ್ಚು ಎಂದರ್ಥ. ಕನ್ನಡ ಬಲ್ಲವರಿಗೆ ಇದರಲ್ಲಿ ಗೊಂದಲವಿಲ್ಲ.

ಹಾಗಾಗಿ ಸಭೆ ಶುರುವಾಗುವಾಗಲೇ ಅಧ್ಯಕ್ಷರು ಒಂದು ಮಾತು ಹೇಳಬೇಕು: ಇವತ್ತು ಇಲ್ಲಿ ಎಲ್ಲರಿಗೂ ಬಹುವಚನ. ತಪ್ಪಿದರೆ ಯಾರು ಬೇಕಾದರೂ ‘ಬಹುವಚನ’ ಎಂದು ಕೂಗಿ ನೆನಪಿಸಬಹುದು. ಮೊದಲು ಎರಡು ಮೂರು ಸಲ ಜನ ನಗುತ್ತಾರೆ. ಆಮೇಲೆ ಸರಿಹೋಗುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಸಾಧ್ಯವಿರುವ ಬದಲಾವಣೆಗಳಲ್ಲೆಲ್ಲ ಇದೇ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೈಕನ್ನು ಸ್ಟ್ಯಾಂಡಿನಿಂದ ತೆಗೆಯಿರಿ. ಒಂದು ಕಾರ್ಡ್‌ಲೆಸ್ ಮೈಕನ್ನು ಅಂಗನವಾಡಿ ಕಾರ್ಯಕರ್ತೆಯೋ ಆಶಾ ಕಾರ್ಯಕರ್ತೆಯೋ ಹಿಡಿದು ಓಡಾಡಲಿ, ಕೂತವರ ಬಳಿಗೆ ಮೈಕು ಹೋಗಲಿ. ಮೊದಲ ನಲವತ್ತು ನಿಮಿಷ ಹೆಂಗಸರಿಗೆ ಮತ್ತು ಕೇರಿ, ತಾಂಡಾ, ಹಟ್ಟಿಗಳವರಿಗೆ. ಇಲಾಖೆಗಳ ಮಾಹಿತಿ ಕೊನೆಗೆ. ಸಾಮಾನ್ಯವಾಗಿ ಆಗುವುದು ಇದರ ತಿರುಗಾಮುರುಗ: ಸ್ವಾಗತ, ದೀಪ, ಹಾರ, ಪ್ರಾಸ್ತಾವಿಕ, ಆಮೇಲೆ ಕೃಷಿ, ತೋಟಗಾರಿಕೆ, ಪಶುಸಂಗೋಪನೆ, ಆರೋಗ್ಯ, ಶಿಕ್ಷಣ ಎಂದು ಒಬ್ಬೊಬ್ಬರೂ ಯೋಜನೆಗಳ ಪಟ್ಟಿ ಓದುವುದು. ಜನರ ಸರದಿ ಬರುವ ಹೊತ್ತಿಗೆ ಬಿಸಿಲೇರಿ ಅರ್ಧ ಸಭೆ ಎದ್ದು ಹೋಗಿರುತ್ತದೆ, ಅಧಿಕಾರಿಗೆ ಇನ್ನೊಂದು ಊರಿನ ಸಭೆ ಕಾದಿರುತ್ತದೆ. ಪಿಯುಸಿ ಓದುವ ಹುಡುಗಿಯೊಬ್ಬಳ ಕೈಗೆ ಗಡಿಯಾರ, ಒಂದು ಹಾಳೆ ಕೊಡಿ. ಹಾಳೆಯಲ್ಲಿ ಮೂರು ಕಾಲಂ: ಮೇಜಿನ ಹಿಂದಿನವರು, ಎದುರಿನ ಗಂಡಸರು, ಎದುರಿನ ಹೆಂಗಸರು. ಯಾರು ಎಷ್ಟು ನಿಮಿಷ ಮಾತಾಡಿದರು ಎಂದು ಗುರುತು ಹಾಕಲಿ. ಸಭೆಯ ನಡುವೆ ಒಮ್ಮೆ ಆ ಲೆಕ್ಕ ಓದಿಸಿ. ಭಾಷಣ ಮಾಡುವವರು ತಾವಾಗಿಯೇ ಚುಟುಕಾಗುತ್ತಾರೆ.

ಪ್ರಶ್ನೆ ಬಂದ ಮೇಲೆ ಏನು ಮಾಡಬೇಕು ಎಂಬಲ್ಲೇ ಹೆಚ್ಚಿನವರು ಎಡವುವುದು. ಆಕೆ ಇನ್ನೂ ಎರಡನೇ ವಾಕ್ಯದಲ್ಲಿರುವಾಗ ಉತ್ತರ ಶುರುವಾಗಿಬಿಡುತ್ತದೆ. ಕಷ್ಟದ ವಿಷಯ ಹೇಳುವವರು ಸುತ್ತು ಬಳಸಿ ಬರುತ್ತಾರೆ. ನೀರಿನ ವಿಷಯ ಎಂದು ಶುರುಮಾಡಿ, ಕಂಬದ ದೀಪದ ವಿಷಯ ಹೇಳಿ, ಕೊನೆಗೆ ಕಿರಾಣಿ ಅಂಗಡಿಯಲ್ಲಿ ಹೆಂಡದ ಪ್ಯಾಕೆಟ್ ಮಾರುತ್ತಿದ್ದಾರೆ ಎಂಬಲ್ಲಿಗೆ ಬರುತ್ತಾರೆ. ಆ ಮೂರನೆಯದೇ ಅವರು ಹೇಳಲು ಬಂದಿದ್ದು. ನೀರಿಗೇ ತಡೆದು ಉತ್ತರಿಸಿದರೆ ಅದು ಒಳಗೇ ಉಳಿಯುತ್ತದೆ. ಹೀಗೆ ಒಳಗೇ ಉಳಿದದ್ದು ಎಷ್ಟು ಊರುಗಳಲ್ಲಿ ಎಷ್ಟಿತ್ತು ಎಂಬುದು 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದಾಗ ರಾಜ್ಯಕ್ಕೆಲ್ಲ ಕಾಣಿಸಿತು.

ಆದ್ದರಿಂದ ಮಾತು ನಿಂತ ಮೇಲೂ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ‘ಇನ್ನೇನಾದರೂ ಇದೆಯಾ?’ ಎಂದು ಒಮ್ಮೆ ಕೇಳಿ. ಆಮೇಲೆ ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ತಿರುಗಿ ಹೇಳಿ: ‘ನೀವು ಹೇಳಿದ್ದು ಇದೇ ಅಲ್ಲವಾ?’ ಹೌದು ಎಂದ ಮೇಲೆ ಬರೆದುಕೊಳ್ಳಿ. ಉತ್ತರ ಆಮೇಲೆ. ಉತ್ತರದಲ್ಲಿ ಮೂರಿರಬೇಕು: ಯಾರು ಮಾಡುತ್ತಾರೆ, ಏನು ಮಾಡುತ್ತಾರೆ, ಯಾವ ತಾರೀಕಿನೊಳಗೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ಇಂಥ ದಿನ ತಿಳಿಸುತ್ತೇನೆ ಎನ್ನಬಹುದು. ‘ನೋಡೋಣ’ ಎಂಬುದು ಉತ್ತರವಲ್ಲ.

ತಾಂಡಾದ ಅಜ್ಜಿಗೆ ಲಂಬಾಣಿಯಲ್ಲಿ ಹೇಳಲು ಬಿಡಿ, ತಾಂಡಾದವರೇ ಒಬ್ಬರು ಕನ್ನಡಕ್ಕೆ ಹೇಳಲಿ. ತಡವರಿಸುವ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಸಿಗುವುದು ನಗು. ನಗು ಬಿದ್ದ ಮೇಲೆ ಆ ತಾಂಡಾದಿಂದ ಮೂರು ಸಭೆವರೆಗೆ ಯಾರೂ ಕೈ ಎತ್ತುವುದಿಲ್ಲ. ಮಕ್ಕಳ ಗ್ರಾಮಸಭೆಯಲ್ಲೂ ಇದೇ ಕಥೆ. ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ಹುಡುಗಿ ಹೇಳಿದಾಗ ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ, ಬಾಗಿಲು ಬರುವುದಿಲ್ಲ.

ಏರುದನಿಯ ಬಗ್ಗೆ ಒಂದು ಮಾತು. ‘ಸಮಾಧಾನವಾಗಿ ಹೇಳಿದರೆ ಕೇಳುತ್ತೇವೆ’ ಎಂಬ ವಾಕ್ಯ ಎಲ್ಲ ಸಭೆಗಳಲ್ಲೂ ಕೇಳಿಬರುತ್ತದೆ. ಸಮಾಧಾನವಾಗಿ ಎರಡು ವರ್ಷ ಹೇಳಿ, ಅರ್ಜಿ ಕೊಟ್ಟು, ಕಚೇರಿಗೆ ಅಲೆದು ಆದ ಮೇಲೆಯೇ ದನಿ ಏರಿರುತ್ತದೆ. ಮೊದಲು ವಿಷಯಕ್ಕೆ ಉತ್ತರ, ದನಿಯ ಮಾತು ಆಮೇಲೆ, ಇದು ಕ್ರಮ. ವೈಯಕ್ತಿಕ ನಿಂದನೆ ಬಂದರೆ ತಡೆಯಲೇಬೇಕು. ಆದರೆ ಬೈಗುಳಕ್ಕೂ ಸಿಟ್ಟಿಗೂ ಇರುವ ವ್ಯತ್ಯಾಸ ಎಲ್ಲರಿಗೂ ತಿಳಿದಿದೆ.

ಎಲ್ಲಕ್ಕಿಂತ ಕಷ್ಟದ ವಿಷಯಗಳಲ್ಲಿ ಸ್ಮಶಾನದ್ದೂ ಒಂದು. ಅನೇಕ ಊರುಗಳಲ್ಲಿ ಕೇರಿಗೆ ಹೆಣ ಹೂಳಲು ಜಾಗವಿಲ್ಲ. ಹಳ್ಳದ ದಂಡೆ, ರಸ್ತೆ ಬದಿ, ಯಾರದೋ ಹೊಲದ ಬದು. ಆ ಹೊಲದವರು ಬೇಲಿ ಹಾಕಿದ ದಿನ ಸಾವು ಬಂದರೆ ಊರು ಎರಡಾಗುತ್ತದೆ. ಈ ವಿಷಯ ಗ್ರಾಮಸಭೆಗೆ ಬಂದಾಗ ನಡೆಯುವ ದೊಡ್ಡ ತಪ್ಪೆಂದರೆ ಅದನ್ನು ಊರಿನ ಅಭಿಪ್ರಾಯಕ್ಕೆ ಬಿಡುವುದು. ‘ಎಲ್ಲರೂ ಏನಂತೀರಿ?’ ಎಂದು ಅಧ್ಯಕ್ಷರು ಕೇಳುತ್ತಾರೆ, ಮುಂದಿನ ಸಾಲಿನವರು ಕೈ ಎತ್ತುತ್ತಾರೆ, ಅವರ ಹೊಲದಲ್ಲಿ ಕೂಲಿ ಮಾಡುವವರು ಅವರ ಮುಖ ನೋಡಿಕೊಂಡು ಕೈ ಎತ್ತುತ್ತಾರೆ. ಯಾರ ಮನೆಯಿಂದ ಸಾಲ ತಂದಿದ್ದಾರೋ, ಯಾರ ಬೋರ್‌ವೆಲ್‌ನಿಂದ ನೀರು ಹಿಡಿಯುತ್ತಾರೋ ಅವರೆದುರು ಕೈ ಎತ್ತಿಸುವುದು ಅಭಿಪ್ರಾಯ ಸಂಗ್ರಹವಲ್ಲ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ. ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರಿ ಜಮೀನು ಕಾಯ್ದಿರಿಸಲು 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಲ್ಲಿ ಅವಕಾಶವಿದೆ. ಸರ್ಕಾರಿ ಜಾಗ ಇಲ್ಲದ ಕಡೆ ಖಾಸಗಿ ಜಮೀನು ಖರೀದಿಸಿ ಕೊಡಲೂ ಬರುತ್ತದೆ. ಜಾಗ ಬೇಕೋ ಬೇಡವೋ ಎಂಬುದು ಸಭೆಯ ಮುಂದಿನ ಪ್ರಶ್ನೆಯೇ ಅಲ್ಲ. ಎಲ್ಲಿ, ಯಾವ ಸರ್ವೆ ನಂಬರಿನಲ್ಲಿ, ದಾರಿ ಯಾವ ಕಡೆಯಿಂದ, ತಹಶೀಲ್ದಾರರಿಗೆ ಪತ್ರ ಯಾವ ದಿನ ಹೋಗುತ್ತದೆ, ಇಷ್ಟು ಮಾತ್ರ ಚರ್ಚೆ. ಹಳ್ಳಿಯೆಂದರೆ ಸಂಕುಚಿತತೆಯ, ಅಜ್ಞಾನದ ಗೂಡು ಎಂದು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಇಂಥ ಕೈ ಎತ್ತಿಸುವಿಕೆಯ ಮುಂದೆ ಈಗಲೂ ನಿಜ. ಗ್ರಾಮಸಭೆಯ ಮೇಲೆ ಪ್ರೀತಿಯುಳ್ಳವರು ಆ ಮಾತನ್ನು ಮರೆಯಬಾರದು.

ಮಾತಾಡಿದವರಿಗೆ ಮಾರನೇ ದಿನ ಏನಾಗುತ್ತದೆ ಎಂಬುದನ್ನು ಬಿಟ್ಟು ಕೇಳಿಸಿಕೊಳ್ಳುವ ಮಾತೇ ಇಲ್ಲ. ಕೂಲಿಗೆ ಕರೆಯುವುದಿಲ್ಲ, ಅಂಗಡಿಯಲ್ಲಿ ಸಾಲ ನಿಲ್ಲುತ್ತದೆ, ಹೊಲಕ್ಕೆ ಹೋಗುವ ದಾರಿ ಬಂದ್ ಆಗುತ್ತದೆ. ಜನರ ಮೌನವನ್ನು ಅಜ್ಞಾನ ಎನ್ನುವವರು ಈ ಲೆಕ್ಕ ಹಾಕಿರುವುದಿಲ್ಲ. ಮೌನವಾಗಿರುವವರು ಹಾಕಿರುತ್ತಾರೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂದ ಮೇಲೆ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದೂ ಅಪರಾಧ. ಸಭೆಯಲ್ಲೇ ಇದನ್ನು ಓದಿ ಹೇಳುವುದು ಒಳ್ಳೆಯದು. ಆದರೆ ಕೇಸಿನವರೆಗೆ ಹೋಗದ ಹಾಗೆ ನೋಡಿಕೊಳ್ಳುವ ದಾರಿಗಳೂ ಇವೆ. ಹಿಂದಿನ ರಾತ್ರಿ ಕೇರಿಯಲ್ಲಿ ಕೂತು ಪ್ರಶ್ನೆಗಳನ್ನು ನಿರ್ಧರಿಸಬೇಕು. ಒಂದು ಪ್ರಶ್ನೆಯನ್ನು ಒಬ್ಬರೇ ಕೇಳಬಾರದು, ಮೂರ್ನಾಲ್ಕು ಮನೆಯವರು ಒಬ್ಬರ ಹಿಂದೆ ಒಬ್ಬರು ಎದ್ದು ಅದನ್ನೇ ಕೇಳಬೇಕು. ಸಂಘದ ಹೆಸರಿನಲ್ಲಿ ಬರೆದ ಅರ್ಜಿಗೆ ಸಭೆಯಲ್ಲೇ ಸ್ವೀಕೃತಿ ತೆಗೆದುಕೊಳ್ಳಬೇಕು. ಹೆಸರು ಹೇಳಲಾಗದವರಿಗೆ ಬಾಗಿಲಲ್ಲಿ ಒಂದು ಡಬ್ಬಿ ಇಟ್ಟು, ಚೀಟಿಗಳನ್ನು ಗಟ್ಟಿಯಾಗಿ ಓದಬೇಕು. ಓದಲು ಬರೆಯಲು ಬಾರದವರ ಚೀಟಿ ಯಾರು ಬರೆಯುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ಇಲ್ಲವಾದರೆ ಅದೂ ಮುಂದಿನ ಸಾಲಿನವರ ಡಬ್ಬಿಯಾಗುತ್ತದೆ.

ಕಾಗದವನ್ನು ಗಟ್ಟಿಯಾಗಿ ಓದುವುದರಲ್ಲಿ ಎಂಥ ಶಕ್ತಿಯಿದೆ ಎಂಬುದನ್ನು ತೋರಿಸಿಕೊಟ್ಟವರು ರಾಜಸ್ಥಾನದವರು. 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲ ಜನಸುನವಾಯಿ, ಅಂದರೆ ಜನರ ಮುಂದೆ ಬಹಿರಂಗ ವಿಚಾರಣೆ, ನಡೆಸಿದರು. ಅಲ್ಲಿ ಭಾಷಣ ಮುಖ್ಯವಾಗಿರಲಿಲ್ಲ. ಹಾಜರಿ ಪಟ್ಟಿ, ಬಿಲ್ಲು, ವೋಚರ್ ಓದುವುದು, ಇದು ನಿಜವೇ ಎಂದು ಕೇಳುವುದು, ಇಷ್ಟೇ. ಕಾಗದ ಒಂದು ಹೇಳುತ್ತದೆ, ಎದುರಿಗೆ ಕೂತ ಮನುಷ್ಯ ಇನ್ನೊಂದು ಹೇಳುತ್ತಾನೆ, ನೂರಾರು ಜನ ಎರಡನ್ನೂ ಕೇಳಿಸಿಕೊಳ್ಳುತ್ತಾರೆ. ಕೂಲಿಯವಳು ಮೇಲಧಿಕಾರಿಯ ಮೇಲೆ ಆರೋಪ ಮಾಡಬೇಕಾಗಿಲ್ಲ, ‘ನಾನು ಆ ದಿನ ಕೆಲಸಕ್ಕೆ ಹೋಗಿಲ್ಲ’ ಎಂದರೆ ಸಾಕು. ಆ ದಾರಿ ಮುಂದೆ ಮಾಹಿತಿ ಹಕ್ಕಿನವರೆಗೂ, 2005ರ ನರೇಗಾ ಕಾಯ್ದೆಯ 17ನೇ ಕಲಮಿನ ಸಾಮಾಜಿಕ ಪರಿಶೋಧನೆಯವರೆಗೂ ಬಂತು. ನಮ್ಮಲ್ಲಿ ಪಂಚಾಯಿತಿ ಲೆಕ್ಕವನ್ನು ಜನರ ಮುಂದಿಡುವ ಜಮಾಬಂದಿ ಪ್ರತಿವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ಅದನ್ನು ಒಟ್ಟು ಮೊತ್ತಗಳಲ್ಲಿ ಓದಿದರೆ ಯಾರಿಗೂ ಏನೂ ತಿಳಿಯದು. ‘ಇಂಥವರ ಮನೆ ಮುಂದಿನ ಚರಂಡಿ, ಇಷ್ಟು ಮೀಟರ್, ಇಷ್ಟು ರೂಪಾಯಿ’ ಎಂದು ಓದಿದರೆ ಆ ಮನೆಯವರೇ ಎದ್ದು ನಿಲ್ಲುತ್ತಾರೆ.

ಕೊನೆಗೆ ನಡವಳಿ ಪುಸ್ತಕ. ಸಭೆಯಲ್ಲಿ ಯಾರು ಏನೇ ಹೇಳಿರಲಿ, ಆರು ತಿಂಗಳ ನಂತರ ಉಳಿಯುವುದು ಈ ಪುಸ್ತಕದಲ್ಲಿ ಇರುವುದು ಮಾತ್ರ. ನಡವಳಿಯ ಕನ್ನಡವೇ ಬೇರೆ. ‘ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು. ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು. ಸರ್ವಾನುಮತದಿಂದ ಅಂಗೀಕರಿಸಲಾಯಿತು.’ ಮೂರು ವಾಕ್ಯ, ಒಂದರಲ್ಲೂ ಮನುಷ್ಯರಿಲ್ಲ. ಯಾರು ಕೇಳಿದರು, ಯಾರು ಒಪ್ಪಿದರು, ಯಾರು ಮಾಡಬೇಕು? ‘ಲಾಯಿತು’ ಎಂಬ ಪ್ರತ್ಯಯದ ಹಿಂದೆ ಎಲ್ಲರೂ ಮಾಯ. ಕೂಗಿ ಹೇಳಿದ ಮಾತನ್ನು ಸದ್ದಿಲ್ಲದೆ ಕೊಲ್ಲುವುದು ಈ ಪ್ರತ್ಯಯವೇ. ಹೀಗೆ ಬರೆಯಿರಿ: ‘3ನೇ ವಾರ್ಡಿನ ಆರು ಮನೆಗಳ ಮಹಿಳೆಯರು, ನಲ್ಲಿಯಲ್ಲಿ ವಾರಕ್ಕೆ ಒಂದೇ ದಿನ ನೀರು ಬರುತ್ತದೆ ಎಂದರು. ವಾಲ್ವ್ ಕೆಟ್ಟಿದೆ ಎಂದು ವಾಟರ್‌ಮ್ಯಾನ್ ಹೇಳಿದರು. ಪಿಡಿಒ 15 ದಿನದೊಳಗೆ ಬದಲಿಸಲು ಒಪ್ಪಿದರು.’ ಇದರಲ್ಲಿ ಕರ್ತೃ ಇದ್ದಾರೆ, ಕ್ರಿಯೆ ಇದೆ, ದಿನ ಇದೆ. ವಿರೋಧ ಬಂದಿದ್ದರೆ ವಿರೋಧವನ್ನೂ ಬರೆಯಬೇಕು. ಎರಡು ಜನ ಒಪ್ಪದಿದ್ದ ಕಡೆ ‘ಸರ್ವಾನುಮತ’ ಎಂದು ಬರೆಯುವುದು ಸುಳ್ಳು ದಾಖಲೆ.

ಇನ್ನೊಂದು ಕಡೆಯೂ ಕಣ್ಣಿಡಬೇಕು. ಜನ ಬರುತ್ತಿದ್ದ ಹಾಗೆ ಹಾಜರಾತಿಗೆಂದು ಸಹಿ, ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ಅದೇ ಪುಸ್ತಕದ ಹಿಂದಿನ ಖಾಲಿ ಪುಟಗಳಲ್ಲಿ ಆಮೇಲೆ, ಪಂಚಾಯಿತಿ ಕಚೇರಿಯಲ್ಲಿ, ಠರಾವುಗಳನ್ನು ಬರೆಯಲಾಗುತ್ತದೆ. ಸಹಿ ಹಾಕಿದವರು ಕಾಣದ ತೀರ್ಮಾನಕ್ಕೆ ಅವರದೇ ಹೆಬ್ಬೆಟ್ಟು ಸಾಕ್ಷಿ. ಹಾಜರಾತಿಗೆ ಬೇರೆ ಪುಸ್ತಕ ಇಡಿಸಿ. ಠರಾವುಗಳನ್ನು ಶಾಮಿಯಾನದ ಕೆಳಗೇ ಬರೆದು, ಜನ ಏಳುವ ಮೊದಲು ಮೈಕಿನಲ್ಲಿ ಓದಿಸಿ. ಓದುವಾಗ ‘ನಾನು ಹಾಗೆ ಹೇಳಿಲ್ಲ’ ಎಂದು ಯಾರಾದರೂ ಅಂದರೆ ಅಲ್ಲೇ ತಿದ್ದಿ. ಆಮೇಲೆ ಕೊನೆಯ ಸಾಲು ಮುಗಿದ ಕಡೆಯಿಂದ ಪುಟದ ಅಡಿಯವರೆಗೆ ಖಾಲಿ ಜಾಗಕ್ಕೆ ಅಡ್ಡ ಗೀಟು ಎಳೆಯಿರಿ. ಗೀಟಿನ ಕೆಳಗೆ ಮೊದಲ ಸಹಿ ಪ್ರಶ್ನೆ ಕೇಳಿದವರದ್ದು, ಅಧ್ಯಕ್ಷರದ್ದು ಆಮೇಲೆ.